ಕಾಗಲ್ ದಾಟಿದ ಚಟ್ನಿಪುಡಿ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಫ್ಲ್ಯಾಟಿನಿಂದ 2023ರ ದೀಪಾವಳಿಗೆ ಶೇಂಗಾ ಚಟ್ನಿಪುಡಿ ಮಾರೋಕೆ ಶುರು ಮಾಡಿದೆ. ಅಂಗಡಿ ಅಂದರೆ ವಾಟ್ಸಾಪು, ಇನ್‌ಸ್ಟಾಗ್ರಾಮು, ಮತ್ತೆ ಅಡುಗೆಮನೆ ಕಟ್ಟೆ. ಈಗ ವಾರಕ್ಕೊಬ್ಬರಾದರೂ ಫೋನ್ ಮಾಡಿ "ಅಕ್ಕಾ, ಲೈಸೆನ್ಸು ಏನೇನು ಬೇಕ್ರಿ?" ಅಂತ ಕೇಳ್ತಾರೆ. ಹೇಳಿ ಹೇಳಿ ಸಾಕಾಗಿದೆ, ಬರೆದೇ ಇಡ್ತೀನಿ.

ಕಂಪನಿ ಗಿಂಪನಿ ಬೇಡ. ಒಬ್ಬರೇ ನಡೆಸುವ ವ್ಯಾಪಾರಕ್ಕೆ ನಿಮ್ಮ ಪ್ಯಾನೇ ವ್ಯಾಪಾರದ ಪ್ಯಾನು. ಸಾಲವಾದರೆ ಅದೂ ನಿಮ್ಮ ತಲೆಗೇ, ಅದೊಂದು ನೆನಪಿರಲಿ. ಬ್ಯಾಂಕಿನಲ್ಲಿ ಕರೆಂಟ್ ಅಕೌಂಟ್ ತೆಗೆಯಲು ಹೋದರೆ ಕಾಗದ ಕೇಳ್ತಾರೆ. ನನ್ನ ಹತ್ತಿರ ಎರಡು ಕೇಳಿದರು. ಒಂದು ಗುಮಾಸ್ತಾ, ಅಂದರೆ ವ್ಯಾಪಾರ ಇದೆ ಅನ್ನೋದಕ್ಕೆ ಸರ್ಕಾರಿ ಕಾಗದ. ಇಲ್ಲಿ ಎಲ್ಲರ ಬಾಯಲ್ಲೂ ಅದೇ ಹೆಸರು. ಕಾನೂನಿನಲ್ಲಿ ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ. ಕೆಲಸಗಾರರು ಬೆರಳೆಣಿಕೆಯಷ್ಟಿದ್ದರೆ ನೋಂದಣಿ ಬೇಕಿಲ್ಲ, ಆನ್‌ಲೈನ್‌ನಲ್ಲಿ ಮಾಹಿತಿ ಕೊಟ್ಟು ರಸೀದಿ ತಗೊಂಡರಾಯ್ತು. ಇನ್ನೊಂದು ಉದ್ಯಮ್ ಪ್ರಮಾಣಪತ್ರ, ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರ ಕೊಡೋದು. ಆಧಾರ್, ಪ್ಯಾನ್ ಇದ್ದರೆ ಸಾಕು, ಪೂರ್ತಿ ಪುಕ್ಕಟೆ. ನಾನು ಮಾತ್ರ 1,999 ರೂಪಾಯಿ ಕೊಟ್ಟೆ! ಗೂಗಲ್‌ನಲ್ಲಿ ಮೊದಲು ಬಂದ ತಾಣ ಸರ್ಕಾರದ್ದೇ ಅಂದುಕೊಂಡಿದ್ದೆ. ಅಶೋಕ ಚಕ್ರದ ಬಣ್ಣವೆಲ್ಲ ಹಾಗೇ ಇತ್ತು. ವಿಳಾಸದ ಕೊನೆಗೆ ಗವ್ ಡಾಟ್ ಇನ್ (gov.in) ಇದೆಯೇ ಅಂತ ನೋಡಿ, ಆಮೇಲೆ ಆಧಾರ್ ನಂಬರ್ ಒತ್ತಿ.

ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ನೋಂದಣಿ ಇಲ್ಲದೆ ಒಂದು ಡಬ್ಬಿಯೂ ಹೊರಗೆ ಹೋಗಬಾರದು. ಅವರದೇ ಫಾಸ್ಕಾಸ್ ಪೋರ್ಟಲ್‌ನಲ್ಲಿ ನಾನು ಮಾಡಿಸಿದಾಗ ವರ್ಷದ ಫೀ 100 ರೂಪಾಯಿ ಇತ್ತು. ಸಿಗುವ 14 ಅಂಕಿಯ ನಂಬರು ಲೇಬಲ್ ಮೇಲೆ ಬರಬೇಕು.

ಲೇಬಲ್ ಅಂದೆನಲ್ಲ, ಅಲ್ಲೇ ನಾನು ಎಡವಿದ್ದು. ಚೆಂದಾಗಿ ಬರೀ ಕನ್ನಡದಲ್ಲೇ ಬರೆಸಿ ಅಂಟಿಸಿದ್ದೆ. ಅದು ನಡೆಯೋಲ್ಲ. ವಿವರವೆಲ್ಲ ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇರಲೇಬೇಕು, ಕನ್ನಡ ಅದರ ಜೊತೆಗೆ. ಪದಾರ್ಥಗಳು, ತಯಾರಿಸಿದ ದಿನಾಂಕ, ಯಾವ ದಿನಾಂಕದೊಳಗೆ ತಿನ್ನಬೇಕು, ನಿಮ್ಮ ಹೆಸರು ವಿಳಾಸ, ದೂರಿಗೆ ಫೋನು, ಚೌಕದೊಳಗೆ ಹಸಿರು ಚುಕ್ಕೆ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ. 200 ಗ್ರಾಂಗೆ 130 ರೂಪಾಯಿ ಅಂತ ಹಾಕಿದರೆ ಪಕ್ಕದಲ್ಲೇ ಗ್ರಾಂಗೆ 65 ಪೈಸೆ ಅಂತಲೂ ಹಾಕಬೇಕು. ಶೇಂಗಾ ಇದೆ ಅಂತ ಬೇರೆಯಾಗಿ ಎದ್ದು ಕಾಣಬೇಕು. ಕೆಲವರಿಗೆ ಅದು ಒಗ್ಗುವುದಿಲ್ಲ. ಇನ್‌ಸ್ಟಾದಲ್ಲಿ "ಬೆಲೆಗೆ ಮೆಸೇಜ್ ಮಾಡಿ" ಅನ್ನೋ ಚಾಳಿಯನ್ನೂ ಬಿಡಿ. ಆನ್‌ಲೈನ್ ಮಾರಾಟದಲ್ಲಿ ಬೆಲೆ, ತೂಕ ಕೊಳ್ಳುವವರಿಗೆ ಮೊದಲೇ ಕಾಣಬೇಕು.

ಇನ್ನು ಜಿಎಸ್‌ಟಿ. ಮುಂಬೈ ಕಡೆಯ ಕನ್ನಡದವರಿಗೆ ನಿಜವಾದ ತೊಡಕು ಇರೋದೇ ಇಲ್ಲಿ. "ವರ್ಷದ ವಹಿವಾಟು 40 ಲಕ್ಷದವರೆಗಿದ್ದರೆ ಜಿಎಸ್‌ಟಿ ಬೇಡ" ಅಂತ ಎಲ್ಲರೂ ಹೇಳ್ತಾರೆ. ಸರಿ, ಆದರೆ ಅದು ಮಹಾರಾಷ್ಟ್ರದೊಳಗೆ ಸರಕು ಮಾರುವವರಿಗೆ. ನಮ್ಮ ಗಿರಾಕಿ ಯಾರು? ಹುಬ್ಬಳ್ಳಿಯ ಅತ್ತಿಗೆ, ಅತ್ತಿಗೆಯ ಗೆಳತಿ, ಬೆಂಗಳೂರಿನಲ್ಲಿರುವ ಅವಳ ಮಗ. ಡೊಂಬಿವಲಿಯಿಂದ ಕೊಲ್ಲಾಪುರಕ್ಕೆ, ಅದರಾಚೆ ಗಡಿಯ ಈ ಕಡೆಯೇ ಇರುವ ಕಾಗಲ್‌ಗೂ ಕಳಿಸಿ, ತೊಂದರೆಯಿಲ್ಲ. ಗಡಿ ದಾಟಿ ಕರ್ನಾಟಕದ ನಿಪ್ಪಾಣಿಗೆ ಒಂದೇ ಒಂದು ಪೊಟ್ಟಣ ಮಾರಿದರೂ ಜಿಎಸ್‌ಟಿ ನೋಂದಣಿ ಬೇಕು. ವಹಿವಾಟು ಎಷ್ಟು ಕಡಿಮೆಯಿದ್ದರೂ ಅಷ್ಟೇ. ಸಿಎ ಇದನ್ನು ಹೇಳಿದಾಗ ನಾನಾಗಲೇ ಹುಬ್ಬಳ್ಳಿಗೆ ಮೂರು ಕಿಲೋ ಕಳಿಸಿ ಕೂತಿದ್ದೆ.

ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯೂ ಇದಕ್ಕೆ ಆಗಿಬರೋದಿಲ್ಲ, ಅದರಲ್ಲಿದ್ದವರು ಹೊರರಾಜ್ಯಕ್ಕೆ ಮಾರುವಂತಿಲ್ಲ. ಬರೀ ಹಪ್ಪಳ ಮಾರುವವರಿಗೆ ಈ ಗೋಳೇ ಇಲ್ಲ, ಹಪ್ಪಳಕ್ಕೆ ತೆರಿಗೆ ಇಲ್ಲ ನೋಡಿ. ಚಟ್ನಿಪುಡಿಗೆ ಇದೆ.

ಎಂಟು ತಿಂಗಳು ಕರ್ನಾಟಕದ ಆರ್ಡರ್ ತಗೊಳ್ಳಲೇ ಇಲ್ಲ. ಅತ್ತಿಗೆ ಮುನಿಸಿಕೊಂಡಳು. ಕೊನೆಗೆ ನೋಂದಣಿ ಮಾಡಿಸಿದೆ. ಸರ್ಕಾರದ ಫೀ ಏನೂ ಇಲ್ಲ. ಫ್ಲ್ಯಾಟು ಯಜಮಾನರ ಹೆಸರಲ್ಲಿದ್ದದ್ದರಿಂದ ಕರೆಂಟ್ ಬಿಲ್ಲಿನ ಜೊತೆ ಅವರ ಒಪ್ಪಿಗೆ ಪತ್ರ ಇಟ್ಟೆ. ಆದರೆ ಒಮ್ಮೆ ನಂಬರು ಬಂತೆಂದರೆ ಪಕ್ಕದ ಬಿಲ್ಡಿಂಗಿನವರಿಗೆ ಮಾರಿದ್ದಕ್ಕೂ ತೆರಿಗೆ ಕಟ್ಟಬೇಕು. ಮಾರಾಟ ಸೊನ್ನೆಯಿದ್ದರೂ ರಿಟರ್ನ್ ತಪ್ಪುವಂತಿಲ್ಲ, ತಡವಾದರೆ ಸೊನ್ನೆಗೂ ದಿನಕ್ಕೆ 20 ರೂಪಾಯಿ ದಂಡ. ತಿಂಗಳಿಗೆ ಎರಡು ಮೂರು ಪಾರ್ಸೆಲ್ಲಷ್ಟೇ ಗಡಿ ದಾಟುತ್ತವೆ ಅಂದರೆ ನನ್ನ ಪ್ರಕಾರ ಸದ್ಯಕ್ಕೆ ಬೇಡ. ಠಾಣೆ, ಪುಣೆಯಲ್ಲೇ ಗಿರಾಕಿ ಬೆಳೆಸಿ.

ಹೆಸರಿನ ವಿಷಯ ಬಿಟ್ಟೇಹೋಯ್ತು. ಚೀಲ ಅಚ್ಚು ಹಾಕಿಸುವ ಮೊದಲು ಟ್ರೇಡ್‌ಮಾರ್ಕ್ ತಾಣದಲ್ಲಿ 30ನೇ ವರ್ಗದಲ್ಲಿ (ಮಸಾಲೆ, ಚಟ್ನಿಯಂಥ ಪದಾರ್ಥಗಳದ್ದು) ಹುಡುಕಿ, ಪುಕ್ಕಟೆ. ಹೆಸರು ಖಾಲಿಯಿದ್ದರೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ನಾನು ಒಂದು ವರ್ಗಕ್ಕೆ 4,500 ಕಟ್ಟಿದೆ. ಅದು ಎರಡನೇ ಹೆಸರಿಗೆ. ಮೊದಲನೆಯದು ಇನ್ಯಾರದೋ ಆಗಿತ್ತು, ಅದು ಗೊತ್ತಾಗುವ ಹೊತ್ತಿಗೆ 500 ಚೀಲ ಅಚ್ಚಾಗಿ ಬಂದಿದ್ದವು. ಈಗ ಅವುಗಳಲ್ಲಿ ಮನೆಯ ಮೆಂತ್ಯ, ಸಾಸಿವೆ ಕಟ್ಟಿಡ್ತೀನಿ.