ಕೆಂಪು ರೇಷ್ಮೆ ತೀರಿದ ದಿನ ಕಲಿತ 'ರನ್ ಔಟ್ ಆಫ್'

ಇಳಕಲ್ಲಿನಲ್ಲಿ ನಮ್ಮದು ಸೀರೆ ಅಂಗಡಿ. ದೂರದ ಗಿರಾಕಿಗಳು ಫೋನಿನಲ್ಲೇ ಆರ್ಡರ್ ಕೊಡುತ್ತಾರೆ. ಕನ್ನಡವೂ ಹಿಂದಿಯೂ ಬಾರದವರ ಜೊತೆ ಇಂಗ್ಲಿಷೇ ಗತಿ.

ಒಂದು ಸಲ ಚೆನ್ನೈನ ಗಿರಾಕಿಯೊಬ್ಬರು ಮದುವೆಗೆ ಅಂತ ಟೋಪ ತೆನಿ ಅನ್ನುವ, ಇಳಕಲ್ ಸೀರೆಯ ವಿಶೇಷ ಸೆರಗಿನ ಸೀರೆ ಕೇಳಿದ್ದರು. ಆ ಸೆರಗಿಗೆ ಕೆಂಪು ರೇಷ್ಮೆ ಬೇಕೇ ಬೇಕು. ಸೀರೆಯ ಒಡಲಿನ ಉದ್ದ ಎಳೆಗಳಿಗೆ ಸೆರಗಿನ ಉದ್ದ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ರೇಷ್ಮೆ ಇಲ್ಲದಿದ್ದರೆ ಕೆಲಸ ಅಲ್ಲಿಗೇ ನಿಂತಿತು. ಅವತ್ತು ನೇಕಾರರು ಬಂದು, "ಕೆಂಪ ರೇಷ್ಮಿ ತೀರೈತ್ರಿ ಅಕ್ಕಾರ" ಅಂದರು. ನಾನು ಫೋನ್ ಮಾಡಿ, "ರೆಡ್ ಫಿನಿಶ್ಡ್ ಮೇಡಂ" ಅಂದೆ. ಕೆಂಪು ಸೀರೆ ನೇಯ್ದು ಮುಗಿಯಿತು ಅಂತ ತಿಳಿದ ಅವರು ಪೂರ್ತಿ ದುಡ್ಡು ಕಳಿಸಿಬಿಟ್ಟರು!

ಮತ್ತೆ ಫೋನ್ ಮಾಡಿ ಬಿಡಿಸಿ ಹೇಳಿದೆ. "ಓ, ಯು ಹ್ಯಾವ್ ರನ್ ಔಟ್ ಆಫ್ ರೆಡ್ ಸಿಲ್ಕ್" ಅಂದರು, ಅಂದರೆ ನಿಮ್ಮಲ್ಲಿ ಕೆಂಪು ರೇಷ್ಮೆ ತೀರಿದೆ ಅಂತ. ದನಿಯಲ್ಲಿ ಬೇಜಾರಿತ್ತು. ಆದರೂ ಬೈಯಲಿಲ್ಲ. ಅವರಿಗೆ ನಾನು ಇವತ್ತಿಗೂ ಋಣಿ.

ರನ್ ಅಂದರೆ ಓಡು, ಔಟ್ ಅಂದರೆ ಹೊರಗೆ. ಬಿಡಿಬಿಡಿಯಾಗಿ ನೋಡಿದರೆ ಅರ್ಥ ಕೈಗೆ ಸಿಗುವುದಿಲ್ಲ. ನಮ್ಮಲ್ಲೂ ಹಾಗೇ ಅಲ್ವಾ? 'ಅವನು ಕೈಕೊಟ್ಟ' ಅಂದರೆ ಯಾರೂ ಅವನ ಕೈ ನೋಡುವುದಿಲ್ಲ. ಅದಕ್ಕೇ ಮೂರೂ ಪದಗಳನ್ನು ಒಂದೇ ಪದದಂತೆ ಬಾಯಿಪಾಠ ಮಾಡಿದೆ.

ಜಾಸ್ತಿ ತೊಡಕಾದದ್ದು ಬೇರೆ ಕಡೆ. ನಾವು 'ಸಕ್ಕರೆ ತೀರಿತು' ಅನ್ನುತ್ತೇವೆ, ಮಾತು ಸಕ್ಕರೆಯಿಂದಲೇ ಶುರು. ಇಂಗ್ಲಿಷಿನಲ್ಲಿ ಮನೆಯವರಿಂದ ಶುರು: 'ವಿ ಹ್ಯಾವ್ ರನ್ ಔಟ್ ಆಫ್ ಶುಗರ್.' ಸಕ್ಕರೆಯಿಂದಲೂ ಶುರು ಮಾಡಬಹುದು. ಆಗ 'ಆಫ್' ಬಿಡಬೇಕು: 'ದ ಶುಗರ್ ಹ್ಯಾಸ್ ರನ್ ಔಟ್.' ನಾನು ಎಷ್ಟೋ ದಿನ ಇದರ ಕೊನೆಗೂ ಸುಮ್ನೆ ಒಂದು 'ಆಫ್' ಸೇರಿಸಿ ತಪ್ಪು ಹೇಳುತ್ತಿದ್ದೆ. ನಿನ್ನೆಯೇ ತೀರಿದ್ದರೆ 'ವಿ ರ್ಯಾನ್ ಔಟ್ ಆಫ್ ಶುಗರ್ ಯೆಸ್ಟರ್‌ಡೇ.' ಕ್ರಿಕೆಟ್ಟಿನ ರನ್ ಔಟ್ ಬೇರೆ, ಅದನ್ನು ಇದರ ಜೊತೆ ಕೂಡಿಸಬೇಡಿ.

ರೂಢಿ ಮಾಡಿಕೊಂಡದ್ದು ಅಡುಗೆಮನೆಯಲ್ಲಿ. ಜೋಳದ ಹಿಟ್ಟಿನ ಡಬ್ಬಿ ಬರಿದಾದರೆ ಒಂದು ವಾಕ್ಯ, ಗ್ಯಾಸ್ ಮುಗಿದರೆ ಇನ್ನೊಂದು. ಎಲ್ಲ ಗಟ್ಟಿಯಾಗಿ ಹೇಳುತ್ತಿದ್ದೆ. ಹೊತ್ತು, ತಾಳ್ಮೆ ತೀರಿದರೂ ಇದೇ ಮಾತು ನಡೆಯುತ್ತದೆ.

ವ್ಯಾಪಾರಕ್ಕೆ ನಿಜವಾಗಿ ಒದಗಿದ್ದು 'ರನ್ನಿಂಗ್ ಔಟ್ ಆಫ್'. ಇನ್ನೂ ತೀರಿಲ್ಲ, ತೀರುತ್ತ ಬಂದಿದೆ ಅಂತ ಅರ್ಥ. ಮುಂದಿನ ಸಲ ಕೆಂಪು ರೇಷ್ಮೆ ಎರಡು ಸೆರಗಿಗಾಗುವಷ್ಟು ಉಳಿದಿದ್ದಾಗಲೇ ಚೆನ್ನೈಗೆ ಫೋನ್ ಮಾಡಿದೆ. "ಮೇಡಂ, ವಿ ಆರ್ ರನ್ನಿಂಗ್ ಔಟ್ ಆಫ್ ರೆಡ್ ಸಿಲ್ಕ್." ಅವರು ಎರಡೂ ಸೀರೆ ತಮಗೇ ಇರಲಿ ಅಂದರು.