ಹೊಸ ಟ್ಯಾರೋ ಕಟ್ಟನ್ನು ನಲವತ್ತು ವರ್ಷ ಹಳೆಯದಾಗಿಸುವುದು ಹೇಗೆ?

ಸಂಜೆ ಮುಂಬಯಿಯ ಡೊಂಬಿವಲಿ ಲೋಕಲ್ ರೈಲಿನಲ್ಲಿ ಬರುವಾಗ ಇಸ್ಪೀಟಾಡುವ ಗುಂಪಿನ ಪಕ್ಕ ಒಂದು ಸಲ ನಿಂತು ನೋಡಿ. ನಾಲ್ಕು ಜನರ ಮೊಣಕಾಲ ಮೇಲೆ ಒಂದು ಬ್ರೀಫ್‌ಕೇಸು, ಅದರ ಮೇಲೆ ರಮ್ಮಿ. ಆಟ ಬಿಡಿ, ಎಲೆಗಳನ್ನು ನೋಡಿ. ವರ್ಷಗಟ್ಟಲೆ ಆಡಿದ ಕಟ್ಟು ಎಲ್ಲ ಕಡೆ ಒಂದೇ ಥರ ಕೊಳೆಯಾಗಿರುವುದಿಲ್ಲ. ಉದ್ದದ ಅಂಚಿನ ನಡುಭಾಗ ಕಪ್ಪಾಗಿರುತ್ತದೆ, ಮೂಲೆ ಮೆತ್ತಗಾಗಿ ದುಂಡಗಾಗಿರುತ್ತದೆ, ಬೆನ್ನಿನ ಮೇಲೆ ಹೆಬ್ಬೆರಳು ಕೂರುವ ಜಾಗದಲ್ಲಿ ಹೊಳಪು ಹೋಗಿರುತ್ತದೆ. ಚಿತ್ರದ ನಡುಭಾಗ ಮಾತ್ರ ಹೆಚ್ಚುಕಡಿಮೆ ಹೊಸದರ ಹಾಗೇ ಇರುತ್ತದೆ. ಭವಿಷ್ಯ ನೋಡಲು ಬಳಸುವ ಟ್ಯಾರೋ ಕಾರ್ಡಿಗೂ ಇದೇ ಲೆಕ್ಕ. ಕೈ ಎಲ್ಲಿ ತಾಗುತ್ತದೋ ಅಲ್ಲಿ ಸವೆಸಬೇಕು, ಬೇರೆ ಕಡೆ ಸುಮ್ನೆ ಬಿಡಬೇಕು.

ನಾನು ಮುಂಬಯಿಯಲ್ಲಿ ಕನ್ನಡದ ಹವ್ಯಾಸಿ ನಾಟಕಗಳಿಗೆ ಸಾಮಾನು ಮಾಡಿಕೊಡುತ್ತೇನೆ. ಒಂದು ನಾಟಕದಲ್ಲಿ ನಲವತ್ತು ವರ್ಷದಿಂದ ಟ್ಯಾರೋ ನೋಡುವ ಮುದುಕಿಯ ಪಾತ್ರ ಇತ್ತು. ಅಂಥವಳ ಕೈಯಲ್ಲಿ ಫಳಫಳ ಹೊಳೆಯುವ ಹೊಸ ಕಟ್ಟು ಇದ್ದರೆ ಪ್ರೇಕ್ಷಕರು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಮೇಲೆ ಲೈಟು ಬಿದ್ದರಂತೂ ಎಲೆ ಕನ್ನಡಿಯಂತೆ ಮಿಂಚಿ ಚಿತ್ರವೇ ಕಾಣುವುದಿಲ್ಲ. ಹೊಸ ಎಲೆ ಜಾರುತ್ತದೆ ಕೂಡ, ಕಲಸುವಾಗ ನಟಿಯ ಗಮನವೆಲ್ಲ ಬೆರಳಿನ ಮೇಲೇ ಇರುತ್ತದೆ. ಅಲ್ಲಿಂದ ಶುರುವಾದ ಕೆಲಸ ಇದು.

ಎಷ್ಟು ಹಳೆಯದು ಬೇಕು ಅಂತ ಮೊದಲೇ ತೀರ್ಮಾನಿಸಿಕೊಳ್ಳಿ. ಟ್ಯಾರೋ 15ನೇ ಶತಮಾನದ ಇಟಲಿಯಲ್ಲಿ ಹುಟ್ಟಿದ ಎಲೆಯಾಟ. ಒಟ್ಟು 78 ಎಲೆ. ಅದರಲ್ಲಿ ಇವತ್ತು ಮೇಜರ್ ಅರ್ಕಾನಾ ಅನ್ನುವ 22 ಎಲೆಗಳು, ಒಂದೆರಡು ವಿಶೇಷ ನಿಯಮ ಬಿಟ್ಟರೆ, ಆಟದಲ್ಲಿ ನಮ್ಮ ತುರುಪಿನ ಕೆಲಸ ಮಾಡುತ್ತಿದ್ದವು. ಭವಿಷ್ಯ ಹೇಳಲು ದೊಡ್ಡ ಮಟ್ಟದಲ್ಲಿ ಬಳಸಿದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ. ಈಗ ಅಂಗಡಿಗಳಲ್ಲಿ ಜಾಸ್ತಿ ಸಿಗುವ ಚಿತ್ರಗಳನ್ನು ಪಮೇಲಾ ಕೋಲ್ಮನ್ ಸ್ಮಿತ್ ಬರೆದದ್ದು, ಆ ಕಟ್ಟು ಲಂಡನ್ನಿನಲ್ಲಿ ಮೊದಲು ಬಂದದ್ದು 1909ರಲ್ಲಿ. ಆ ಚಿತ್ರಗಳ ಕಟ್ಟಿಗೆ ಐನೂರು ವರ್ಷದ ಮುಪ್ಪು ಹಾಕಿದರೆ ಗೊತ್ತಿದ್ದವರಿಗೆ ಕಣ್ಣು ಚುಚ್ಚುತ್ತದೆ. ಸುಟ್ಟ ಅಂಚು, ಹರಿದ ಮೂಲೆ ಇವೆಲ್ಲ ಬೇಡ. ನಲವತ್ತು ಐವತ್ತು ವರ್ಷ ಒಂದೇ ಮನೆಯಲ್ಲಿ ಜೋಪಾನವಾಗಿ ಬಳಸಿದ ಕಟ್ಟು ಅಂದುಕೊಳ್ಳಿ, ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ.

ಬೇಕಾದ ಸಾಮಾನು

220 ಮತ್ತು 1000 ನಂಬರಿನ ಮರಳು ಕಾಗದ, ಪಾತ್ರೆ ತೊಳೆಯುವ ಹೊಸ ಸ್ಪಂಜು, ಚಹಾಪುಡಿ, ಕಾರ್ಡಿನ ಅಳತೆಯದೇ ಎರಡು ಮರದ ತುಂಡು, ಎರಡು ಸಣ್ಣ ಕ್ಲ್ಯಾಂಪು, ಕಂದು ಬಣ್ಣದ ಸಾಫ್ಟ್ ಪೇಸ್ಟಲ್ (ಸೀಮೆಸುಣ್ಣದಂತೆ ಪುಡಿಯಾಗುವ ಬಣ್ಣದ ಕಡ್ಡಿ), ಪೆನ್ಸಿಲ್, ಹಳೆಯ ಹತ್ತಿ ಬಟ್ಟೆ, ಬಟರ್ ಪೇಪರ್. ಕ್ರಾಫರ್ಡ್ ಮಾರ್ಕೆಟ್ಟಿನ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟಿಗೆ ಹೋದರೆ ಕಾಗದ ಬಣ್ಣಗಳೆಲ್ಲ ಒಂದೇ ಸುತ್ತಿನಲ್ಲಿ ಆಗುತ್ತವೆ. ಕಟ್ಟು ಮಾತ್ರ ದುಬಾರಿಯದು ಬೇಡ.

ಬಹಳಷ್ಟು ಕಟ್ಟುಗಳಲ್ಲಿ 78 ಎಲೆಯ ಜೊತೆಗೆ ಹೆಸರಿನದೋ ಜಾಹೀರಾತಿನದೋ ಒಂದೆರಡು ಎಲೆ ಹೆಚ್ಚಿಗೆ ಇರುತ್ತವೆ. ಅವನ್ನು ಎಸೆಯಬೇಡಿ, ಪ್ರತಿಯೊಂದು ಹೆಜ್ಜೆಯನ್ನೂ ಮೊದಲು ಅವುಗಳ ಮೇಲೆ ಮಾಡಿ ನೋಡಿ. ಮೊದಲ ಪರೀಕ್ಷೆ ನೀರಿನದು. ಒಂದು ಹನಿ ಹಾಕಿ ಐದು ನಿಮಿಷ ಬಿಟ್ಟು ಒರೆಸಿ. ಗುರುತೇ ಇಲ್ಲದಿದ್ದರೆ ಮೇಲೆ ಪ್ಲಾಸ್ಟಿಕ್ ಪದರ ಇದೆ ಎಂದರ್ಥ, ಎಷ್ಟು ಚಹಾ ಬಳಿದರೂ ಮುಖಕ್ಕೆ ಹಿಡಿಯುವುದಿಲ್ಲ. ಕಾಗದ ಉಬ್ಬಿದರೆ ತೆಳು ವಾರ್ನಿಶ್ ಇರಬಹುದು, ಇಲ್ಲದೆಯೂ ಇರಬಹುದು, ಹುಷಾರಾಗಿ ಕೆಲಸ ಮಾಡಬೇಕು. ಎರಡರಲ್ಲೂ ಅಂಚು ಮಾತ್ರ ತೆರೆದೇ ಇರುತ್ತದೆ, ಯಾಕೆಂದರೆ ಅದು ಕತ್ತರಿಸಿದ ಕಾಗದ. ಹಾಗಾಗಿ ಮುಕ್ಕಾಲು ಕೆಲಸ ಅಂಚಿನಲ್ಲೇ.

ಇಡೀ ಎಲೆಯನ್ನು ಚಹಾದಲ್ಲಿ ಅದ್ದಬೇಡಿ. ನನ್ನ ಮೊದಲ ಕಟ್ಟನ್ನು ಹಾಗೆ ಕಳೆದುಕೊಂಡೆ. ಜುಲೈ ತಿಂಗಳು, ಹೊರಗೆ ಬಿಡದ ಮಳೆ, ಟ್ರೇ ತುಂಬ ಚಹಾ. ಎಲೆಗಳು ಪದರ ಬಿಟ್ಟುಕೊಂಡವು, ಒಣಗದೆ ಹಾಗೇ ಉಳಿದು ನಾಲ್ಕನೇ ದಿನಕ್ಕೆ ಬೂಷ್ಟು ಹಿಡಿಯಿತು. ಮುಂಬಯಿಯಲ್ಲಿ ಇರುವವರು ಈ ಕೆಲಸವನ್ನು ನವರಾತ್ರಿ ಕಳೆದ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು. ಮಳೆಗಾಲದಲ್ಲೇ ಮಾಡಬೇಕಾದರೆ ಒಂದೊಂದು ಹೆಜ್ಜೆಗೂ ಎರಡು ದಿನ ಜಾಸ್ತಿ ಹಿಡಿಯಿರಿ.

ಹೊಳಪು, ಮೂಲೆ, ಅಂಚು

1000 ನಂಬರಿನ ಕಾಗದವನ್ನು ಬೆರಳಿಗೆ ಸುತ್ತಿಕೊಂಡು ಎಲೆಯ ಬೆನ್ನಿನ ಮೇಲೆ ದುಂಡಗೆ ಆಡಿಸಿ, ಭಾರ ಹಾಕದೆ. ಹೊಳಪು ಮಂಕಾಗಬೇಕು, ಬಣ್ಣ ಎದ್ದು ಬರಬಾರದು. ಮುಖಕ್ಕೆ ಇದರ ಅರ್ಧದಷ್ಟು ಸಾಕು, ಮೇಜಿನ ಮೇಲೆ ಉಜ್ಜುವುದು ಬೆನ್ನೇ ತಾನೆ. ಮುಖ್ಯವಾಗಿ 78ಕ್ಕೂ ಒಂದೇ ಥರ ಮಾಡಿ. ಒಂದೇ ಎಲೆಯ ಬೆನ್ನಿಗೆ ಎದ್ದು ಕಾಣುವ ಗೀರು ಬಿದ್ದರೆ ತಿರುಗಿಸುವ ಮೊದಲೇ ಅದು ಯಾವುದು ಅಂತ ಗೊತ್ತಾಗಿಬಿಡುತ್ತದೆ, ಆಮೇಲೆ ಆ ಕಟ್ಟು ಓದುವವರ ಕೈಗೆ ಉಪಯೋಗವಿಲ್ಲ. ಹೌದು, ಎರಡು ಸಂಜೆ ಇದಕ್ಕೇ ಹೋಗುತ್ತದೆ.

ಆಮೇಲೆ ಇಡೀ ಕಟ್ಟನ್ನು ಎರಡು ಮರದ ತುಂಡುಗಳ ನಡುವೆ ಸಮನಾಗಿ ಇಟ್ಟು ಕ್ಲ್ಯಾಂಪು ಬಿಗಿ ಮಾಡಿ. 220 ಕಾಗದದಿಂದ ನಾಲ್ಕು ಮೂಲೆಗಳನ್ನು ಒಂದು ಮಿಲಿಮೀಟರಿನಷ್ಟು ದುಂಡಗೆ ಮಾಡಿ. ಅಂಚಿನ ಮೇಲೆ ಉದ್ದಕ್ಕೆ, ಒಂದೇ ದಿಕ್ಕಿನಲ್ಲಿ ಎಳೆಯಿರಿ. ಅಂಚಿಗೆ ಚಿನ್ನದ ಬಣ್ಣ ಇರುವ ಕಟ್ಟಾದರೆ ಪೂರ್ತಿ ತೆಗೆಯಬೇಡಿ. ನಡುವೆ ಮತ್ತು ಮೂಲೆಯಲ್ಲಿ ಹೋಗಿ, ಅವೆರಡರ ಮಧ್ಯೆ ಸ್ವಲ್ಪ ಉಳಿದಿದ್ದರೆ ಬಹಳ ಚೆನ್ನಾಗಿ ಕಾಣುತ್ತದೆ.

ಗೋವಾ ಗಡಿಯ ಹತ್ತಿರ ಮಹಾರಾಷ್ಟ್ರದಲ್ಲಿರುವ ಸಾವಂತವಾಡಿಯ ಗಂಜೀಫಾ, ಅಂದರೆ ಕೈಯಲ್ಲಿ ಚಿತ್ರ ಬರೆದ ಆಟದ ಎಲೆಗಳನ್ನು ನೋಡಿದ್ದೀರಾ? ನಮ್ಮ ಮೈಸೂರಿನಲ್ಲೂ ಆ ಕಲೆ ಇದೆ. ಸಾವಂತವಾಡಿಯ ಎಲೆಗಳು ದುಂಡಗಿರುತ್ತವೆ, ದಶಾವತಾರದ ಕಟ್ಟಿನಲ್ಲಿ 120 ಎಲೆ. ದುಂಡು ಎಲೆಗೆ ಮೂಲೆಯಿಲ್ಲ, ಕೈ ಎಲ್ಲಿ ಬೇಕಾದರೂ ಹಿಡಿಯಬಹುದು, ಅದರ ಸವೆತ ಸುತ್ತಲೂ ಹಂಚಿಹೋಗುತ್ತದೆ. ಟ್ಯಾರೋ ಉದ್ದನೆಯ ಎಲೆ, ಹಿಡಿಯುವ ಜಾಗ ಗೊತ್ತಾದದ್ದು. ಆದ್ದರಿಂದಲೇ ಮುಂದಿನ ಹೆಜ್ಜೆಯಲ್ಲಿ ಅಳತೆ ಬೇಕು.

ಚಹಾ ಹಾಕುವುದು

ಅರ್ಧ ಲೋಟ ನೀರಿಗೆ ಮೂರು ಚಮಚ ಚಹಾಪುಡಿ ಹಾಕಿ ಹತ್ತು ನಿಮಿಷ ಕುದಿಸಿ, ಎರಡು ಸಲ ಸೋಸಿ, ಆರಲು ಬಿಡಿ. ಹಾಲು ಸಕ್ಕರೆ ಬೇಡವೇ ಬೇಡ, ಅಂಟಾಗುತ್ತದೆ, ಇರುವೆ ಬರುತ್ತವೆ. ಫಿಲ್ಟರ್ ಕಾಫಿಯ ಡಿಕಾಕ್ಷನ್ನೂ ಆಗುತ್ತದೆ, ಆದರೆ ವಾಸನೆ ಬಹಳ ದಿನ ಉಳಿಯುತ್ತದೆ. ಸ್ಪಂಜನ್ನು ಅದ್ದಿ, ಹನಿ ಬೀಳದ ಹಾಗೆ ಗಟ್ಟಿಯಾಗಿ ಹಿಂಡಿ, ಬಿಗಿ ಮಾಡಿದ ಕಟ್ಟಿನ ಅಂಚಿಗೆ ಒತ್ತಿ ಒತ್ತಿ ತೆಗೆಯಿರಿ. ಉದ್ದದ ಅಂಚಿನ ನಡುವೆ ಜಾಸ್ತಿ, ಕೊನೆಗೆ ಹೋದಂತೆ ಕಡಿಮೆ. ಎರಡೇ ನಿಮಿಷದಲ್ಲಿ ಕ್ಲ್ಯಾಂಪು ಬಿಚ್ಚಿ ಎಲೆಗಳನ್ನು ಬಿಡಿಸಿ ಹರಡಿ, ಇಲ್ಲದಿದ್ದರೆ ಒಂದಕ್ಕೊಂದು ಅಂಟುತ್ತವೆ. ಫ್ಯಾನಿನ ಕೆಳಗೆ ಒಣಗಿಸಿ ಮತ್ತೆ ಮಾಡಿ. ಮೂರು ಸಲ ತೆಳುವಾಗಿ ಹಾಕಿದ್ದು ಒಂದೇ ಸಲ ದಪ್ಪಗೆ ಹಾಕಿದ್ದಕ್ಕಿಂತ ನಿಜವಾಗಿ ಕಾಣುತ್ತದೆ. ಕೊನೆಗೆ ಬಟರ್ ಪೇಪರಿನ ನಡುವೆ ಇಟ್ಟು ಮೇಲೆ ನಾಲ್ಕು ದಪ್ಪ ಪುಸ್ತಕ ಹೇರಿ ಎರಡು ದಿನ ಬಿಡಿ.

ಚಹಾ ಕೊಡುವುದು ಕಾಗದದ ವಯಸ್ಸು. ಕೈಯ ಕೊಳೆಯ ಬಣ್ಣ ಬೇರೆ, ಅದು ಸ್ವಲ್ಪ ಬೂದಿ ಕಡೆಗೆ ಇರುತ್ತದೆ. ಪೇಸ್ಟಲ್ ಪುಡಿಗೆ ಚಿಟಿಕೆ ಪೆನ್ಸಿಲ್ ಪುಡಿ ಬೆರೆಸಿ, ಬಟ್ಟೆಯಲ್ಲಿ ತೆಗೆದುಕೊಂಡು ಅಂಚಿನಿಂದ ಎರಡು ಮೂರು ಮಿಲಿಮೀಟರ್ ಒಳಗಿನವರೆಗೆ ಉಜ್ಜಿ. ಕಟ್ಟನ್ನು ಹಂಚುವಾಗ ಹಿಡಿಯುವ ಹಾಗೆ ಹಿಡಿದು, ಬೆನ್ನಿನ ಮೇಲೆ ಹೆಬ್ಬೆರಳು ಬೀಳುವ ಜಾಗ ಗುರುತಿಸಿ ಅಲ್ಲೂ ತುಸು ಸವರಿ.

ಬಿಸಿಲಲ್ಲಿ ಇಟ್ಟರೆ ಹಳೆಯದಾಗುತ್ತದೆ ಅನ್ನುವವರಿದ್ದಾರೆ. ಸಲೂನಿನ ಗಾಜಿಗೆ ಅಂಟಿಸಿದ ಹಳೆಯ ಪೋಸ್ಟರು ನೆನಪಿಸಿಕೊಳ್ಳಿ, ಕೆಂಪು ಹಳದಿ ಹೋಗಿ ಮುಖವೆಲ್ಲ ನೀಲಿಯಾಗಿರುತ್ತದೆ ಅಲ್ವಾ? ಅಚ್ಚಾದ ಕಾರ್ಡಿಗೂ ಅದೇ ಗತಿ ಆಗಬಹುದು. ಒಲೆಯ ಶಾಖಕ್ಕೆ ಪ್ಲಾಸ್ಟಿಕ್ ಪದರ ಗುಳ್ಳೆ ಏಳುತ್ತದೆ. ಎಣ್ಣೆ ಸವರಿದರೆ ಕಾಗದ ಪಾರದರ್ಶಕವಾಗುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ. ಮೂರೂ ಬೇಡ.

ಕೊನೆಯದು ಕಲಸುವುದು. ಕಟ್ಟನ್ನು ಎರಡೂ ಕಡೆಗೆ ಇಪ್ಪತ್ತು ಇಪ್ಪತ್ತು ಸಲ ಬಗ್ಗಿಸಿ, ಆಮೇಲೆ ಒಂದು ವಾರ ದಿನಾ ಅರ್ಧ ಗಂಟೆ ಬರಿಗೈಯಲ್ಲಿ ಕಲಸಿ. ಟಿವಿ ನೋಡುತ್ತಲೇ ಮಾಡಬಹುದು. ಹೊಸ ಕಟ್ಟಿನ ಚಟಚಟ ಸದ್ದು ಹೋಗಿ ಮೆತ್ತನೆಯ ಸದ್ದು ಬರುತ್ತದೆ, ಬೇರೆ ಯಾವ ಉಪಾಯದಿಂದಲೂ ಅದು ಬರುವುದಿಲ್ಲ. ಪೆಟ್ಟಿಗೆಯ ಮೂಲೆಗಳನ್ನೂ ಸವೆಸಿ. ಒಳಗಿನ ಮಡಿಕೆಯಲ್ಲಿ ನೀವು ಮಾಡಿದ ತಾರೀಖನ್ನು ಪೆನ್ಸಿಲಿನಲ್ಲಿ ಬರೆದಿಡಿ. ಚೋರ್ ಬಜಾರಿನಂಥ ಕಡೆ ಮುಂದೊಮ್ಮೆ ಅದನ್ನು ನಿಜವಾದ ಹಳೆಯ ಕಟ್ಟೆಂದು ಯಾರೂ ದುಡ್ಡು ಕೊಟ್ಟು ಕೊಳ್ಳಬಾರದು.

ನಾಟಕಕ್ಕೆ ಎರಡು ವಾರ ಮೊದಲು ನಾನು ಕಟ್ಟನ್ನು ನಟಿಯ ಕೈಗೆ ಕೊಟ್ಟೆ. ತಾಲೀಮು ಮುಗಿಯುವ ಹೊತ್ತಿಗೆ ಬೆನ್ನಿನ ಮೇಲೆ ಇನ್ನೊಂದು ಹೆಬ್ಬೆರಳಿನ ಗುರುತು ಬೀಳಲು ಶುರುವಾಗಿತ್ತು, ನಾನು ಹಾಕಿದ್ದರ ಎದುರು ಬದಿಯಲ್ಲಿ. ಆಕೆ ಎಡಚರು. ನಾನು ಕೇಳಿರಲಿಲ್ಲ. ಅವತ್ತು ರಾತ್ರಿ ಕೂತು 78 ಎಲೆಗಳಿಂದಲೂ ನನ್ನ ಗುರುತನ್ನು ರಬ್ಬರಿನಿಂದ ಅಳಿಸಿ, ಆಕೆಯದನ್ನು ಹಾಗೇ ಬಿಟ್ಟೆ.