ಬೇಲಿಯಾಚೆಯ ರೇಸಿಗೆ ಯಾವ ಲೆನ್ಸ್?

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಪ್ರತಿಸಲ ಇದೇ ಕತೆ. ಹುಡುಗರು ಕಂತಿನಲ್ಲಿ 150-600 ಎಂಎಂ ಲೆನ್ಸ್ ಕೊಂಡು ಬಂದಿರುತ್ತಾರೆ. ಎಂಎಂ ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. ಲೆನ್ಸಿನ ತೂಕವೇ 2 ಕೆ.ಜಿ. ಮಧ್ಯಾಹ್ನಕ್ಕೆ ತೋಳು ಸೋತಿರುತ್ತದೆ. ಸಂಜೆ ನೋಡಿದರೆ ಕಾರ್ಡಿನ ತುಂಬ ಅರ್ಧರ್ಧ ಕಾರು. ಮುಂದಿನ ಚಕ್ರ ಇದ್ದರೆ ಹಿಂದಿನದಿಲ್ಲ. ಲೆನ್ಸಿನ ತಪ್ಪೇನೂ ಇಲ್ಲ, ಅಳತೆ ನೋಡದೆ ತಂದಿದ್ದಾರೆ ಅಷ್ಟೆ.

ಹಂತ 1: ದೂರ ಅಳೆಯಿರಿ

ಎಲ್ಲರೂ ಎಡವುವುದು ಇಲ್ಲೇ. ಫೋನಿನ ಮ್ಯಾಪಿನಲ್ಲಿ ಸ್ಯಾಟಲೈಟ್ ಚಿತ್ರ ತೆರೆದು, ನೀವು ನಿಲ್ಲುವ ಬೇಲಿಯಿಂದ ಟ್ರ್ಯಾಕಿಗೆ ಎಷ್ಟು ಮೀಟರ್ ಎಂದು ನೋಡಿಕೊಳ್ಳಿ. ನಮ್ಮಲ್ಲಿ ರೇಸಿಗಿಳಿಯುವ ಸಣ್ಣ ಕಾರುಗಳು ಸುಮಾರು 4 ಮೀಟರ್ ಉದ್ದ. ಅಡ್ಡ ಹಾಯುವ ಕಾರು ಫ್ರೇಮಿನ ಅರ್ಧ ಅಗಲ ತುಂಬಿದರೆ ಸಾಕು. ಹಾಗಾಗಬೇಕಾದರೆ ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಕ್ಯಾಮೆರಾದವರು ದೂರವನ್ನು 3ರಿಂದ ಗುಣಿಸಿ, ಫುಲ್ ಫ್ರೇಮಿನವರು (ದೊಡ್ಡ ಸೆನ್ಸರಿನವರು) ನಾಲ್ಕೂವರೆಯಿಂದ. ಬಂದ ಸಂಖ್ಯೆಯೇ ನಿಮಗೆ ಬೇಕಾದ ಎಂಎಂ. 60 ಮೀಟರಿಗೆ ಎಪಿಎಸ್-ಸಿಯಲ್ಲಿ 180, ಫುಲ್ ಫ್ರೇಮಿನಲ್ಲಿ 270. ಬೈಕಿಗೆ ಇದರ ಎರಡರಷ್ಟು. ಎದುರಿನಿಂದ ಬರುವ ಕಾರಿಗೂ ಹೆಚ್ಚುಕಡಿಮೆ ಅಷ್ಟೇ.

ಪೂರ್ತಿ ತುಂಬಿಸಿದರೆ ಇನ್ನೂ ಚೆಂದ ಅಲ್ವಾ ಎಂದು ಕೇಳುತ್ತಾರೆ. ಗಂಟೆಗೆ 180 ಕಿ.ಮೀ. ಎಂದರೆ ಸೆಕೆಂಡಿಗೆ 50 ಮೀಟರ್. ಕೈ ಒಂಚೂರು ತಡವಾದರೂ ಕಾರಿನ ಮೂತಿ ಫ್ರೇಮಿನಾಚೆ. ಜಾಗ ಬಿಟ್ಟಿದ್ದರೆ ಮನೆಗೆ ಬಂದು ಕ್ರಾಪ್ ಮಾಡಬಹುದು. ತುಂಡಾದ ಮೂತಿಯನ್ನು ಎಲ್ಲಿಂದ ತರುತ್ತೀರಿ?

ಲೆಕ್ಕ ಹಾಕಿದ ಮೇಲೆ ಹೆಚ್ಚಿನವರಿಗೆ 100-400 ಧಾರಾಳ. ನನ್ನ ಕೇಳಿದರೆ ಅದನ್ನೇ ಕೊಳ್ಳಿ.

ಇನ್ನು ಅಡ್ಡದಾರಿಗಳು. ಅಗ್ಗಕ್ಕೆ ಸಿಗುವ 420-800ರ ಉದ್ದನೆಯ ಕೊಳವೆಯಲ್ಲಿ ಆಟೋಫೋಕಸ್ಸೇ ಇಲ್ಲ. ದೂರ ಇಡಿ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸೇರಿಸಿ ಎಂಎಂ ಎರಡರಷ್ಟು ಮಾಡುವ 2ಎಕ್ಸ್ ಕನ್ವರ್ಟರಿಗೆ ನಾನೂ ಬಲಿಯಾದವನೇ. ಎರಡು ಸ್ಟಾಪ್, ಅಂದರೆ ನಾಲ್ಕರಲ್ಲಿ ಮೂರು ಪಾಲು ಬೆಳಕು ನುಂಗುತ್ತದೆ, ಎಫ್/5.6 ಲೆನ್ಸ್ ಎಫ್/11 ಆಗುತ್ತದೆ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಕಡಿಮೆ). ಫೋಕಸ್ ಹಿಂದೆ ಮುಂದೆ ತಡಕಾಡಿ ನಿಲ್ಲುವಷ್ಟರಲ್ಲಿ ಕಾರು ಮುಂದಿನ ತಿರುವು ದಾಟಿತ್ತು. ಹಾಕಲೇಬೇಕಾದರೆ 1.4ಎಕ್ಸ್ ಹಾಕಿ.

ಹಂತ 2: ಬೆಳಕು ನೋಡಿ

ಹಗಲಿನ ಟ್ರ್ಯಾಕಿಗೆ ಎಫ್/5.6 ಸಾಕು. ಚಿಕ್ಕಮಗಳೂರಿನ ತೋಟದೊಳಗಿನ ರ‍್ಯಾಲಿ ಬೇರೆಯೇ ಲೋಕ. ಸಿಲ್ವರ್ ಓಕ್ ನೆರಳು, ಕೆಂಪು ದೂಳು, ಕಾರೂ ಹತ್ತಿರ. ಅಲ್ಲಿಗೆ 70-200 ಎಫ್/2.8 ಬೇಕು. ಜೂಮ್ ಮಾಡುವಾಗ ಉದ್ದವಾಗದ ಮಾದರಿಯನ್ನೇ ಆರಿಸಿ. ಹೊರಗೆ ಚಾಚಿಕೊಳ್ಳುವ ಲೆನ್ಸಿನೊಳಕ್ಕೆ ದೂಳು ನುಗ್ಗುವುದು ಸುಲಭ. ತಂತಿಬೇಲಿಯ ಹಿಂದೆ ನಿಂತಾಗಲೂ ಎಫ್/2.8 ಉಪಕಾರಿ: ಲೆನ್ಸನ್ನು ಬೇಲಿಗೆ ತಾಗಿಸಿ ಹಿಡಿದರೆ ತಂತಿ ಕರಗಿಹೋಗುತ್ತದೆ.

ಹಂತ 3: ಸ್ವಿಚ್ ಪರೀಕ್ಷಿಸಿ

ಶಟರ್ 1/2000 ಸೆಕೆಂಡಿಗೆ ಇಟ್ಟು ತೆಗೆದರೆ ಓಡುವ ಕಾರೂ ಪಾರ್ಕಿಂಗಿನಲ್ಲಿ ನಿಂತಂತೆ ಕಾಣುತ್ತದೆ. ಚಕ್ರ ತಿರುಗಬೇಕು, ಹಿಂದಿನ ಹುಲ್ಲು ಗೆರೆಯಾಗಬೇಕು. ಅದಕ್ಕೆ 1/125 ಇಟ್ಟು, ಕಾರಿನ ಜೊತೆಗೇ ಕ್ಯಾಮೆರಾ ತಿರುಗಿಸಬೇಕು. ಆಗ ಲೆನ್ಸಿನ ಸ್ಟೆಬಿಲೈಸರ್ (ಕೈಯ ನಡುಕ ಸರಿದೂಗಿಸುವ ವ್ಯವಸ್ಥೆ) ಮೇಲೆ-ಕೆಳಗಿನ ಅಲುಗಾಟ ಮಾತ್ರ ತಡೆಯಬೇಕು. ಪಕ್ಕಕ್ಕೆ ತಿರುಗುವುದನ್ನೂ ತಡೆಯಹೊರಟರೆ ಚಿತ್ರ ಕೆಟ್ಟಿತು. ಹಲವು ಲೆನ್ಸುಗಳ ಸ್ವಿಚ್ಚಿನಲ್ಲಿ ಇದು ಮೋಡ್ 2. ಕೆಲವು ಲೆನ್ಸ್ ಹೀಗೆ ತಿರುಗಿಸುವುದನ್ನು (ಪ್ಯಾನಿಂಗ್) ತಾವೇ ಗುರುತಿಸುತ್ತವೆ. ಎರಡೂ ಇಲ್ಲದ್ದು ನಮಗೆ ಬೇಡ.

ಹಂತ 4: ಒಂದು ದಿನ ಬಾಡಿಗೆಗೆ ತನ್ನಿ

ಜೊತೆಗೊಂದು ಮೊನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್). ಅಂಗಡಿಯೊಳಗೆ ಗೋಡೆಯ ಬೋರ್ಡಿಗೆ ಗುರಿಯಿಟ್ಟರೆ ಸುಮ್ನೆ ಏನೂ ತಿಳಿಯುವುದಿಲ್ಲ. ರಿಂಗ್ ರೋಡಿನ ಫುಟ್‌ಪಾತಿನಲ್ಲಿ ನಿಂತು, 1/125ರಲ್ಲಿ, ಹೋಗುವ ಬಸ್ಸುಗಳ 50 ಚಿತ್ರ ತೆಗೆಯಿರಿ. ಬಸ್ಸಿನ ಪಕ್ಕದಲ್ಲಿ ಬರೆದಿರುವ ಅಕ್ಷರ ಹತ್ತು ಚಿತ್ರದಲ್ಲಾದರೂ ಓದಲು ಬಂದರೆ ದುಡ್ಡು ಎಣಿಸಿ.